ಚೂ ಮೇಸ್ತ್ರಿ ಕೊಯ್ಯದೇ ಬಿಟ್ಟ ಕಾಲು

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಲ್ಯೂತಾಂಗ್ ಊರಿನ ಕಾಲುವೆ ದಂಡೆಯ ಸ್ನಾನದ ಮನೆಯ ಮುಂದೆ ಒಂಬತ್ತು ಮುದುಕರು ಹೆಗಲಿಗೆ ಟವೆಲು ಹಾಕಿಕೊಂಡು ಬಾಗಿಲನ್ನೇ ದಿಟ್ಟಿಸುತ್ತಿದ್ದಾರೆ. ಇನ್ನೂ ಯಾರ ಮೈಯೂ ಮುಟ್ಟದ ಮೊದಲ ನೀರು ಅವರಿಗೆ ಬೇಕು. ಅದಕ್ಕಾಗಿ ಎಷ್ಟೋ ವರ್ಷದಿಂದ ಒಬ್ಬರನ್ನೊಬ್ಬರು ತಳ್ಳುತ್ತ ಬಂದಿದ್ದಾರೆ. ತಳ್ಳುತ್ತ ತಳ್ಳುತ್ತಲೇ ಸ್ನೇಹಿತರೂ ಆಗಿದ್ದಾರೆ.

ಒಳಗೆ ಚೂ ಫುಗೆನ್ ಐದು ಕತ್ತಿಗಳನ್ನು ಅಲ್ಯುಮಿನಿಯಂ ಡಬ್ಬಿಯಲ್ಲಿ ಕುದಿಸುತ್ತಿದ್ದಾರೆ. ಒಂದು ಅಗಲ ಬಾಯಿಯದು, ಒಂದು ಬಡಗಿಯ ಉಳಿಯಂಥದು, ಒಂದು ಹುಲ್ಲಿನ ಎಸಳಿನಷ್ಟು ಸಪೂರ. ಕತ್ತಿ ಆರುವಷ್ಟರಲ್ಲಿ ಹಣೆಗೆ ಪುಟ್ಟ ದೀಪ ಕಟ್ಟಿಕೊಂಡು, ಗೇಣೆತ್ತರದ ಮಣೆಯ ಮೇಲೆ ಕುಳಿತು, ಮಂಡಿಯ ಮೇಲೆ ಬಿಳಿ ಟವೆಲು ಹಾಸುತ್ತಾರೆ. ಅಂಗಡಿ ತೆರೆಯಿತು. ಇನ್ನು ಸಂಜೆಯವರೆಗೆ ಆ ಮಂಡಿಯ ಮೇಲೆ ಊರಿನ ಕಾಲುಗಳು ಬಂದು ಹೋಗುತ್ತವೆ.

ಚೂ ಕಾಲು ಹೆರೆಯುವವರು. ಆಣಿ ತೆಗೆಯುವುದು, ಕೊಂಬಿನ ಹಾಗೆ ದಪ್ಪಗಾದ ಉಗುರನ್ನು ತೆಳ್ಳಗೆ ಮಾಡುವುದು, ಮಾಂಸಕ್ಕೆ ಚುಚ್ಚಿಕೊಂಡ ಉಗುರಿನ ಮೂಲೆಯನ್ನು ನೋವಾಗದಂತೆ ಎಬ್ಬಿಸುವುದು, ಒಡೆದ ಹಿಮ್ಮಡಿಯ ಅಂಚು ಸವರುವುದು ಅವರ ಕಸುಬು. ವಯಸ್ಸು ಐವತ್ತಾರು. ಹದಿನೇಳಕ್ಕೆ ಕತ್ತಿ ಹಿಡಿದವರು. ಹಿಡಿದವರು ಅನ್ನುವುದು ಪೂರ್ತಿ ನಿಜವಲ್ಲ. ಮೊದಲ ಎರಡು ವರ್ಷ ಗುರುಗಳು ಕೊಟ್ಟದ್ದು ಊಟದ ಬಿದಿರು ಕಡ್ಡಿಗಳನ್ನು. ಅವನ್ನು ಕೂದಲೆಳೆಯಷ್ಟು ಹೆರೆಯಬೇಕಿತ್ತು. "ನಮ್ಮ ಗುರುಗಳ ಮನೆಯಲ್ಲಿ ಆ ಎರಡು ವರ್ಷ ಯಾರೂ ಕಡ್ಡಿಯಲ್ಲಿ ಊಟ ಮಾಡಲಿಲ್ಲ. ಎಲ್ಲಾ ಸೂಜಿ ಆಗಿಬಿಟ್ಟಿದ್ವು" ಎನ್ನುತ್ತಾರೆ.

ದಿನಕ್ಕೆ ಹದಿನಾಲ್ಕರಿಂದ ಹದಿನಾರು ಜೋಡಿ ಕಾಲು. ಕೆಲವು ದಿನ ಲೆಕ್ಕ ಜೋಡಿಗೆ ಸಿಗುವುದಿಲ್ಲ. ನಿವೃತ್ತ ಅಂಚೆಯಣ್ಣ ದಿಂಗ್ ಬಂದ ದಿನ ಒಂದು ಕಾಲು ಹೆಚ್ಚಾಗುತ್ತದೆ, ಯಾಕೆಂದರೆ ದಿಂಗ್ ಅವರಿಗಿರುವುದು ಒಂದೇ. ಆ ವಿಷಯ ಆಮೇಲೆ.

ಚೂ ಅವರಿಗೆ ಊರಿನ ಮುಖಗಳು ನೆನಪಿರುವುದಿಲ್ಲ. ಮಾರುಕಟ್ಟೆಯಲ್ಲಿ ಯಾರಾದರೂ "ಊಟ ಆಯ್ತಾ ಮೇಸ್ತ್ರಿ" ಎಂದರೆ ಮೊದಲು ಕೆಳಗೆ ನೋಡುತ್ತಾರೆ. ಬೇಸಿಗೆಯಾದರೆ ಬಚಾವು, ಚಪ್ಪಲಿಯ ತುದಿಯಲ್ಲಿ ಹೆಬ್ಬೆರಳು ಕಾಣುತ್ತದೆ, ಕೂಡಲೇ ಹೆಸರು, ಮನೆ, ಮಗಳ ಮದುವೆ ಎಲ್ಲ ನೆನಪಾಗುತ್ತದೆ. ಚಳಿಗಾಲದಲ್ಲಿ ಎಲ್ಲರೂ ಬೂಟು ತೊಟ್ಟಾಗ ಅವರು ಈ ಊರಿಗೆ ಹೊಸಬರು. ಬಾಗಿಲಲ್ಲಿ ಟಿಕೆಟ್ ಕೊಡುವ ಹೆಂಡತಿ ಸ್ಯೂಲಿಯೆನ್ ಹೇಳುವ ಪ್ರಕಾರ, ಹೆಣ್ಣು ನೋಡಲು ಬಂದ ದಿನವೂ ಚೂ ನೋಡಿದ್ದು ಕಾಲನ್ನೇ. "ಮುಖ ನೋಡ್ತಾನೇನೋ ಅಂತ ಪೌಡರ್ ಹಾಕ್ಕೊಂಡು ಕೂತಿದ್ದೆ. 'ಎಡಗಾಲಿನ ಶೂ ಬಿಗಿ ಇದೆ, ಬದಲಾಯಿಸಿಕೊಳ್ಳಿ' ಅಂದ. ಎದ್ದು ಹೋದ. ಬಿಗಿ ಇತ್ತು ಅನ್ನೋದು ನಿಜವೇ."

ಮಣೆಯ ಮುಂದೆ ಕುಳಿತವರು ಸುಳ್ಳು ಹೇಳುತ್ತಾರೆ. ಅದು ಇಲ್ಲಿಯ ರೂಢಿ. ಆಣಿಯನ್ನು ತಾವೇ ಬ್ಲೇಡಿನಲ್ಲಿ ಕೆತ್ತಿಕೊಂಡು ರಕ್ತ ಬರಿಸಿಕೊಂಡವರು "ಕಲ್ಲು ತಾಗಿತು" ಎನ್ನುತ್ತಾರೆ. ಚೂಪು ಮೂತಿಯ ಬೂಟಿನಲ್ಲಿ ಬೆರಳುಗಳನ್ನು ಕಟ್ಟು ಕಟ್ಟಿ ಇಟ್ಟವರು "ನಮ್ಮ ವಂಶದಲ್ಲೇ ಹಿಂಗೆ" ಎನ್ನುತ್ತಾರೆ. ಚೂ ವಾದ ಮಾಡುವುದಿಲ್ಲ. ಬೂಟನ್ನು ತರಿಸಿ ಪಾದದ ಪಕ್ಕದಲ್ಲಿ ಇಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿದವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. "ಆಣಿ ನಾನು ತೆಗೀತೀನಿ. ಬೂಟು ನೀವು ತೆಗೀಬೇಕು. ಇಲ್ದಿದ್ರೆ ಇಪ್ಪತ್ತು ದಿನಕ್ಕೆ ಮತ್ತೆ ಇಲ್ಲೇ ಭೇಟಿ."

ಅವರು ಮುಟ್ಟದ ಕಾಲುಗಳೂ ಇವೆ. ಹರಡು ಉಳುಕಿ ಊದಿಕೊಂಡು ಬಂದವರನ್ನು ನಾಲ್ಕು ಹೆಜ್ಜೆ ನಡೆಯಲು ಹೇಳುತ್ತಾರೆ. ನಡೆಯಲಾಗದಿದ್ದರೆ, ಅಥವಾ ಹರಡಿನ ಮೂಳೆಯನ್ನು ಒತ್ತಿದಾಗ ಮುಖ ಹಿಂಡಿದರೆ, ಎಕ್ಸ್‌ರೇಗೆ ಕಳಿಸುತ್ತಾರೆ. ಆಡುವಾಗ ಹಿಮ್ಮಡಿಯ ಮೇಲೆ ಯಾರೋ ಒದ್ದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದವರನ್ನು ಕೂರಿಸುವುದೂ ಇಲ್ಲ. ಅದು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಹರಿದಿರುವ ಲಕ್ಷಣ, ಅವತ್ತೇ ಹೋಗಬೇಕು. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ ಹೊದಿಕೆ ತಾಗಿದರೂ ಕೂಗುವವರಿಗೆ "ಬಿಸಿನೀರಿಗೆ ಇಳೀಬೇಡಿ, ಡಾಕ್ಟರ ಹತ್ರ ಹೋಗಿ, ಹೋಗೋ ದಾರೀಲಿ ಬಿಯರ್ ಅಂಗಡಿ ಕಡೆ ನೋಡಬೇಡಿ" ಎನ್ನುತ್ತಾರೆ. ಕೀವು ತುಂಬಿದ ಉಗುರು, ಉಗುರಿನ ಅಡಿಯಲ್ಲಿ ಬೆಳೆಯುತ್ತಿರುವ ಕಪ್ಪು ಗೆರೆ, ಎರಡು ವಾರಕ್ಕೂ ಮಾಯದ ಗಾಯ, ಇದ್ದಕ್ಕಿದ್ದಂತೆ ತಣ್ಣಗಾಗಿ ಬಣ್ಣ ಕೆಟ್ಟ ಒಂದೇ ಒಂದು ಕಾಲು. ಇವಕ್ಕೆ ಅವರ ಬಳಿ ಕತ್ತಿ ಇಲ್ಲ.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ದಿಂಗ್ ಪಾದದಲ್ಲಿ ಒಂದು ಗಟ್ಟಿ ಚರ್ಮವಿತ್ತು, ನಡುವೆ ಕಪ್ಪು ಬಣ್ಣ. ನೋವಿಲ್ಲ ಎಂದಿದ್ದರು. ಚೂ ಅದನ್ನು ಚೆಂದವಾಗಿ ಹೆರೆದು, ಮುಲಾಮು ಹಚ್ಚಿ ಕಳಿಸಿದರು. ದಿಂಗ್‌ಗೆ ಸಕ್ಕರೆ ಕಾಯಿಲೆ ಇತ್ತು, ಅದು ಇಬ್ಬರಿಗೂ ಗೊತ್ತಿರಲಿಲ್ಲ. ಗಟ್ಟಿ ಚರ್ಮದ ಕೆಳಗೆ ಹುಣ್ಣು ಆಗಲೇ ಮೂಳೆ ಮುಟ್ಟಿತ್ತು. "ಕೊಯ್ದದ್ದರಿಂದ ಕಾಲು ಹೋಗಲಿಲ್ಲ ಅಂತ ಡಾಕ್ಟ್ರು ಹೇಳಿದ್ರು" ಎನ್ನುತ್ತಾರೆ ಚೂ. "ಅವತ್ತೇ ಕಳಿಸಿದ್ರೆ ಹೋಗ್ತಿರಲಿಲ್ಲ ಅಂತಲೂ ಹೇಳಿದ್ರು." ದಿಂಗ್ ಮಾತ್ರ ತಿಂಗಳಿಗೊಮ್ಮೆ ಊರುಗೋಲು ಕುಟ್ಟುತ್ತ ಬಂದು ಉಳಿದ ಕಾಲನ್ನು ಇವರ ಮಂಡಿಗೇ ಇಡುತ್ತಾರೆ. ಅರ್ಧ ಟಿಕೆಟ್ ಕೊಡಿ ಎಂದು ಪ್ರತಿ ಸಲವೂ ಸ್ಯೂಲಿಯೆನ್ ಜೊತೆ ಜಗಳವಾಡುತ್ತಾರೆ.

ಇದಿಷ್ಟು ಗೊತ್ತಿದ್ದರೆ ಕಳೆದ ಚಳಿಗಾಲದ ಕೊಪ್ಪರಿಗೆ ಪಂದ್ಯದ ಕಥೆ ಅರ್ಥವಾಗುತ್ತದೆ.

ಈ ಸ್ನಾನದ ಮನೆಯಲ್ಲಿ ಮೂರು ತೊಟ್ಟಿಗಳಿವೆ. ದೊಡ್ಡದು ಬೆಚ್ಚಗೆ, ನಡುವಿನದು ಬಿಸಿ. ಮೂರನೆಯದು ಒಲೆಯ ನೇರ ಮೇಲಿರುವ ಚಿಕ್ಕ ಕಲ್ಲಿನ ತೊಟ್ಟಿ, ಎಲ್ಲರೂ ಅದನ್ನು ಕೊಪ್ಪರಿಗೆ ಎನ್ನುತ್ತಾರೆ. ಅದರೊಳಗೆ ಯಾರೂ ಇಳಿಯುವುದಿಲ್ಲ. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣಾದವರು ಅಂಚಿನಲ್ಲಿ ಕುಳಿತು ಪಾದವನ್ನಷ್ಟೇ ಅದ್ದುತ್ತಾರೆ, ತೆಗೆಯುತ್ತಾರೆ, ಮತ್ತೆ ಅದ್ದುತ್ತಾರೆ. ತುರಿಕೆಗೆ ಸುಡುನೀರು ತಾಗಿದಾಗ ಆಗುವ ಸುಖಕ್ಕೆ ದೊಡ್ಡ ದೊಡ್ಡ ಗಂಡಸರು ಕಣ್ಣು ಮೇಲೆ ಮಾಡಿ ಹಾಡುತ್ತಾರೆ. ಚೂ ಎಷ್ಟೋ ಸಲ ಹೇಳಿದ್ದಾರೆ: "ಸುಖ ನಿಮ್ದು, ಬೂಸ್ಟು ಅಲ್ಲೇ ಇರುತ್ತೆ. ಸಂದಿ ಒರೆಸಿ ಒಣಗಿಸಿ, ಔಷಧಿ ಅಂಗಡಿ ಮುಲಾಮು ನಾಲ್ಕು ವಾರ ಹಚ್ಚಿ." ನಾಲ್ಕು ವಾರ ಮುಲಾಮು ಹಚ್ಚಿದವರು ಯಾರೂ ಇಲ್ಲ. ವಾಸಿಯಾದರೆ ಕೊಪ್ಪರಿಗೆಯ ಸುಖ ತಪ್ಪುತ್ತದಲ್ಲ.

ಸುಖ ಇದ್ದಲ್ಲಿ ಪಂದ್ಯ ಬರುತ್ತದೆ. ಯಾರು ಹೆಚ್ಚು ಹೊತ್ತು ಪಾದ ಎತ್ತದೆ ಕೂರುತ್ತಾರೋ ಅವರು ಆ ದಿನದ ಗೆದ್ದವರು. ಗೋಡೆಯ ಹಾಳೆಯಲ್ಲಿ ಹೆಸರು ಬೀಳುತ್ತದೆ. ಗೆದ್ದವರಿಗೆ ಕೆಂಪು ಚಪ್ಪಲಿ. ಉಳಿದವರೆಲ್ಲ ನೀಲಿ ಚಪ್ಪಲಿಯಲ್ಲಿ ಪರಪರ ಎಂದು ನಡೆಯಬೇಕು. ಹನ್ನೊಂದು ವರ್ಷ ಕೆಂಪು ಚಪ್ಪಲಿ ಪಾಂಗ್ ಅವರ ಕಾಲಲ್ಲಿತ್ತು. ಪಾಂಗ್ ಬೆಳಗಿನ ಗಂಜಿಗೆ ನಂಜಿಕೊಳ್ಳುವ ಉದ್ದನೆ ಬೋಂಡಾ ಕರಿಯುವವರು. ಕಾದ ಎಣ್ಣೆಯೊಂದಿಗೆ ಬಾಳಿದವರಿಗೆ ಬಿಸಿನೀರು ಏನು ಮಹಾ. ಅಷ್ಟೂ ವರ್ಷ ಎರಡನೇ ಸ್ಥಾನದಲ್ಲಿದ್ದವರು ಯೆನ್ ಶೌಲಿನ್. ಕಾಲುವೆಯಲ್ಲಿ ಸರಕು ದೋಣಿ ನಡೆಸಿ ನಿವೃತ್ತರಾದವರು, ಅರವತ್ತೆಂಟು ವರ್ಷ, ಸೋಲು ಒಗ್ಗದ ಮನುಷ್ಯ.

ಕಳೆದ ಚಳಿಗಾಲದಲ್ಲಿ ಯೆನ್ ಗೆಲ್ಲತೊಡಗಿದರು.

ಮೊದಲ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ದಿನ ಪಾಂಗ್ "ನೆಗಡಿ ನನಗೆ" ಎಂದರು. ಐದನೇ ದಿನ ಪಾಂಗ್ ತೊಂಬತ್ತರ ಎಣಿಕೆಗೆ ಕಾಲು ಕಿತ್ತುಕೊಂಡು ತಣ್ಣೀರಿಗೆ ಓಡಿದಾಗ, ಯೆನ್ ನೂರೈವತ್ತರಲ್ಲೂ ಮೂಲಂಗಿ ಹೋಳು ಕಚ್ಚುತ್ತ ಕುಳಿತಿದ್ದರು. ಏಳನೇ ದಿನ ಕೊಪ್ಪರಿಗೆಯಲ್ಲಿ ಕಾಲಿಟ್ಟುಕೊಂಡೇ ಪೇಪರ್ ಓದಿದರು. ಗೆದ್ದ ಗುಟ್ಟೇನು ಎಂದವರಿಗೆ "ಮನಸ್ಸು" ಎಂದು ಎದೆ ಮುಟ್ಟಿ ತೋರಿಸಿದರು. ಊರಿನ ಇಬ್ಬರು ಅವರ ಬಳಿ ಉಸಿರಾಟ ಕಲಿಯಲೂ ಶುರು ಮಾಡಿದರು.

ಚೂ ದೂರದಿಂದ ನೋಡುತ್ತಿದ್ದರು. ಅವರಿಗೆ ಏನೋ ಸರಿ ಕಾಣಲಿಲ್ಲ. "ಬಿಸಿನೀರಲ್ಲಿ ಗೆಲ್ಲೋರು ಹಲ್ಲು ಕಚ್ತಾರೆ, ತೊಡೆ ಹಿಡ್ಕೋತಾರೆ. ಯೆನ್ ಅಣ್ಣ ಮೂಲಂಗಿ ಕಚ್ತಿದ್ದ. ಅದು ಗೆಲ್ಲೋ ಮುಖ ಅಲ್ಲ, ಬಸ್ಸಿಗೆ ಕಾಯೋ ಮುಖ." ಮುಖ ನೆನಪಿಡದ ಮನುಷ್ಯ ಬದುಕಿನಲ್ಲಿ ಒಂದು ಮುಖ ಗಮನಿಸಿದ್ದು ಅವತ್ತು.

ಹತ್ತನೇ ದಿನದ ಗೆಲುವಿನ ನಂತರ ಯೆನ್ ಕೆಂಪು ಚಪ್ಪಲಿ ಸಮೇತ ಬಂದು ಚೂ ಮುಂದೆ ಕುಳಿತರು. ಉಗುರು ತೆಗೆಸಬೇಕು, ಮರುದಿನ ಮೊಮ್ಮಗಳ ನಾಮಕರಣವಿದೆ. ಬಲಗಾಲನ್ನು ಮಂಡಿಯ ಮೇಲೆ ಇಟ್ಟರು. ಚೂ ಹಣೆಯ ದೀಪ ಹಾಕಿದರು. ಪಾದದ ಮೇಲ್ಭಾಗ ಬೇಯಿಸಿದ ಸೀಗಡಿಯ ಬಣ್ಣಕ್ಕಿತ್ತು. ಬೆರಳುಗಳ ಬುಡದಲ್ಲಿ ನೀರು ತುಂಬಿದ ಎರಡು ಗುಳ್ಳೆ. ಅಂಗಾಲು ತಿರುಗಿಸಿದರು. ಹೆಬ್ಬೆರಳ ಬುಡದ ಉಬ್ಬಿನಲ್ಲಿ ಸಾಸಿವೆಯಷ್ಟು ಸಣ್ಣ ಚುಕ್ಕೆಗಳು, ಒಂದರ ಪಕ್ಕ ಒಂದು. ಚೂ ಎಣಿಸಿದರು, ಹದಿಮೂರು. ಸುತ್ತ ಕೆಂಪು, ನಡುವೆ ಒಂದರಲ್ಲಿ ಕೀವು.

ಚೂ ಕತ್ತಿ ಎತ್ತಿಕೊಳ್ಳಲಿಲ್ಲ. ಬಗ್ಗಿ ಕೆಂಪು ಚಪ್ಪಲಿ ಎತ್ತಿಕೊಂಡು ಮಗುಚಿದರು. ಅಡಿಯಲ್ಲಿ ಹಿತ್ತಾಳೆಯ ಬೋರ್ಡ್ ಪಿನ್ನಿನ ತಲೆ ಹೊಳೆಯುತ್ತಿತ್ತು. ಒಳಗೆ ಅದರ ಮೊನೆ. ತಲೆಯೆತ್ತಿ ಗೋಡೆ ನೋಡಿದರು. ಗೆದ್ದವರ ಹಾಳೆಯ ಬಲಮೂಲೆ ನಾಲ್ಕು ದಿನದಿಂದ ಜೋತಾಡುತ್ತಿತ್ತು. ತಮ್ಮ ಹೆಸರಿದ್ದ ಹಾಳೆಯ ಪಿನ್ನನ್ನೇ ಯೆನ್ ನಾಲ್ಕು ದಿನ ತುಳಿದುಕೊಂಡು ಓಡಾಡಿದ್ದರು.

ಸ್ನಾನದ ಮನೆಯಲ್ಲಿ ಎಲ್ಲರೂ ಪಾಂಗ್ ಕಡೆ ತಿರುಗಿದರು.

"ನನ್ನ ಯಾಕ್ರಯ್ಯ ನೋಡ್ತೀರಿ" ಎಂದರು ಪಾಂಗ್. "ನಾನು ಹಾಕೋದಾಗಿದ್ರೆ ಎರಡೂ ಚಪ್ಪಲಿಗೆ ಹಾಕ್ತಿದ್ದೆ."

ಅದನ್ನು ಎಲ್ಲರೂ ನಂಬಿದರು. ಪಾಂಗ್ ಅಂಥವರೇ.

"ಒಂದು ಪಿನ್ನಿಗೆ ಇಷ್ಟು ಗಲಾಟೆ ಯಾಕೆ?" ಎಂದರು ಯೆನ್. "ಕಿತ್ತು ಬಿಸಾಕಿ ಉಗುರು ತೆಗಿ ಮೇಸ್ತ್ರಿ. ನನಗೇನೂ ನೋವಿಲ್ಲ."

"ಅದಕ್ಕೇ ಗಲಾಟೆ" ಎಂದರು ಚೂ. ಡಬ್ಬಿಯಿಂದ ಚರ್ಮದ ಪುಡಿ ಗುಡಿಸುವ ಬಾತುಗರಿ ತೆಗೆದರು. "ಕಣ್ಣು ಮುಚ್ಕೋ ಅಣ್ಣ. ಯಾವ ಬೆರಳು ಮುಟ್ತೀನೋ ಹೇಳು."

ಯೆನ್ ಕಣ್ಣು ಮುಚ್ಚಿದರು. ಚೂ ಹೆಬ್ಬೆರಳು ಮುಟ್ಟಿದರು, ನಡುಬೆರಳು ಮುಟ್ಟಿದರು, ಕಿರುಬೆರಳು, ಅಂಗಾಲು, ಮತ್ತೆ ಹೆಬ್ಬೆರಳು. ಸುತ್ತ ನಿಂತವರು ನಗು ತಡೆದುಕೊಂಡು ನೋಡುತ್ತಿದ್ದರು.

"ಶುರು ಮಾಡಯ್ಯ ಇನ್ನ" ಎಂದರು ಯೆನ್. "ಎಷ್ಟೊತ್ತು ಕಾಯೋದು?"

ನಗು ಎಲ್ಲೋ ಹೋಯಿತು. ಕಣ್ಣು ತೆರೆದ ಯೆನ್ ಗರಿ ಹೆಬ್ಬೆರಳ ಮೇಲೇ ಇರುವುದನ್ನು ನೋಡಿದರು. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯನ್ನು ಈ ಊರು ಇನ್ನೂ ಮರೆತಿಲ್ಲ. "ಹಾಗಾದ್ರೆ ಹತ್ತು ದಿನದ್ದು ಲೆಕ್ಕಕ್ಕೆ ಬರಲ್ವಾ?"

ಚೂ ಆ ದಿನ ಉಗುರು ತೆಗೆಯಲಿಲ್ಲ. ತೆಗೆಯುವುದಿಲ್ಲ ಎಂದರು. ಗುಳ್ಳೆ ಒಡೆಯುವುದಿಲ್ಲ, ಮುಲಾಮು ಹಚ್ಚುವುದಿಲ್ಲ, ಶುದ್ಧ ಬಟ್ಟೆ ಸುತ್ತಿ ಕೊಡುತ್ತೇನೆ, ಈಗಲೇ ಆಸ್ಪತ್ರೆಗೆ ಹೋಗಬೇಕು. ಪಾದಕ್ಕೆ ಸ್ಪರ್ಶವೇ ತಿಳಿಯದೆ, ಗಾಯ ಕೀವಾಗಿ, ಸುತ್ತ ಕೆಂಪು ಹರಡುತ್ತಿರುವಾಗ ನಾಮಕರಣ ಮುಗಿಯಲಿ ಎನ್ನುವ ಮಾತಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿದರು. ಯೆನ್ ಸಕ್ಕರೆ ತಿನ್ನುವುದೇ ಇಲ್ಲವಂತೆ, ಹಂದಿಮಾಂಸದ ಸಾರಿಗೆ ಹಾಕಿದ್ದು ಬಿಟ್ಟರೆ.

"ಹೋದ್ರೆ ಕತ್ತರಿಸ್ತಾರೆ" ಎಂದರು ಯೆನ್. ಈ ಸಲ ದನಿ ಸಣ್ಣದಾಗಿತ್ತು. ಹಠ ಹಿಡಿದ ದೋಣಿಯವನ ದನಿ ಅದಲ್ಲ. "ದಿಂಗ್‌ದು ನೋಡಿದ್ದೀನಲ್ಲ."

ಮೂಲೆಯ ಬೆಂಚಿನಿಂದ ಊರುಗೋಲಿನ ಸದ್ದು ಬಂತು. ದಿಂಗ್ ಎದುರಿಗೆ ಬಂದು, ಸೊಂಟದ ಟವೆಲು ಮಂಡಿಯವರೆಗೆ ಎತ್ತಿ, ಉಳಿದ ಮೋಟನ್ನು ಯೆನ್ ಮೂಗಿನ ಬಳಿ ತಂದರು.

"ಚೆನ್ನಾಗಿ ನೋಡು. ಆಸ್ಪತ್ರೆಗೆ ಹೋದವನದಲ್ಲ ಇದು, ಹೋಗದೆ ಇದ್ದವನದು. 'ನೋವಿಲ್ಲ' ಅಂತ ಎರಡು ತಿಂಗಳು ಟಪಾಲು ಹಂಚಿದೆ. ನಿಂಗೆ ನಾಲ್ಕು ದಿನ ಆಗಿದೆ. ನನ್ನ ಹತ್ರ ಒಂದು ಕಾಲಿನ ಕಾಲುಚೀಲ ಹೊಸಾದು ಇಪ್ಪತ್ತು ಇವೆ. ಬೇಕಾ?"

ಯೆನ್ ಚೂ ಕಡೆ ಬೆರಳು ತೋರಿಸಿದರು.

"ಇವನೂ ಬರಲಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯೋಕೆ ಬರೋವಾಗ ಬಾತಿನ ಹಾಗೆ ಕುಂಟ್ತಾನೆ. ಹದಿಮೂರು ತಿಂಗಳಾಯ್ತು. ನಾನೇ ಎಣಿಸಿದ್ದೀನಿ. ಊರಿಗೆಲ್ಲಾ 'ಎರಡು ವಾರ ಆದ್ರೂ ನೋವು ಹೋಗದಿದ್ರೆ ತೋರಿಸಿ' ಅಂತ ಭಾಷಣ ಮಾಡ್ತಾನಲ್ಲ, ಯಾರಿಗೆ ತೋರಿಸಿದ್ದಾನೆ ಕೇಳಿ."

ಎಲ್ಲರೂ ಚೂ ಹಿಮ್ಮಡಿ ನೋಡಿದರು. ಮೂವತ್ತೊಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಅವರ ಕಾಲನ್ನು ಯಾರೂ ನೋಡಿರಲಿಲ್ಲ. ನಿಜ, ಬೆಳಗಿನ ಮೊದಲ ಹತ್ತು ಹೆಜ್ಜೆ ಅವರಿಗೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತದೆ. ಆಮೇಲೆ ಕಡಿಮೆಯಾಗುತ್ತದೆ, ಸಂಜೆ ಎದ್ದಾಗ ಮತ್ತೆ ಮೊಳೆ. ಬಾಗಿಲ ಬಳಿಯಿಂದ ಸ್ಯೂಲಿಯೆನ್ ದನಿ ಬಂತು: "ಕರ್ಕೊಂಡು ಹೋಗಿ. ನಾನು ಹೇಳಿದ್ರೆ 'ಕೆಲಸ ಇದೆ' ಅಂತಾನೆ."

ಹೀಗಾಗಿ ಬೆಳಗಿನ ಏಳೂವರೆಗೆ ಲ್ಯೂತಾಂಗ್ ಊರಿನ ಜನ ಒಂದು ಮೆರವಣಿಗೆ ನೋಡಿದರು. ಯೆನ್ ಆ ಪಾದ ಊರಬಾರದು ಎಂದು ಚೂ ಹಟ ಹಿಡಿದಿದ್ದರು. ಪಾಂಗ್ ತಮ್ಮ ಬೋಂಡಾ ಗಾಡಿಯ ಬಾಣಲೆ ಇಳಿಸಿ, ಅದರ ಜಾಗದಲ್ಲಿ ಯೆನ್ ಅವರನ್ನು ಕೂರಿಸಿದರು. ಹಿಟ್ಟಿನ ಡಬ್ಬಿಯ ಜಾಗದಲ್ಲಿ ಚೂ. ದಾರಿಯಲ್ಲಿ ಇಬ್ಬರು ಗಿರಾಕಿಗಳು ಗಾಡಿ ನಿಲ್ಲಿಸಿ ನಾಲ್ಕು ಬೋಂಡಾ ಕೇಳಿದರು. "ಇವತ್ತು ಇದೇ ಇರೋದು" ಎಂದು ಪಾಂಗ್ ಹಿಂದಕ್ಕೆ ತೋರಿಸಿ ಪೆಡಲು ತುಳಿದರು. ಹನ್ನೊಂದು ವರ್ಷದ ಎದುರಾಳಿ ಏದುಸಿರು ಬಿಡುತ್ತ ಸೇತುವೆ ಏರಿಸುವಾಗ ಯೆನ್ ಹಿಂದಿನಿಂದ ಎಣಿಸುತ್ತಿದ್ದರಂತೆ, ಕೊಪ್ಪರಿಗೆಯ ಪಕ್ಕ ಎಣಿಸಿದಂತೆಯೇ.

ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕವರು ಡಾಕ್ಟರ್ ಮಿಯಾವ್. ಮೂವತ್ತು ದಾಟದ ಹೆಣ್ಣುಮಗಳು, ಮಾತು ಕಡಿಮೆ. ಅವರ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದ ಸೂಚನೆ: ಸಕ್ಕರೆ ಕಾಯಿಲೆಯವರು ಸ್ನಾನದ ಮನೆಯಲ್ಲಿ ಕಾಲು ಹೆರೆಸಿಕೊಳ್ಳಬಾರದು. ಅದರ ಕೆಳಗಿನ ಕುರ್ಚಿಯಲ್ಲೇ ಚೂ ಕುಳಿತರು, ಕತ್ತಿ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು.

ಯೆನ್ ಸಕ್ಕರೆ ಎಷ್ಟಿತ್ತೆಂದರೆ, ನರ್ಸು ಯಂತ್ರ ಕೆಟ್ಟಿದೆಯೆಂದು ಎರಡನೇ ಸಲ ಚುಚ್ಚಿದರು. ಎಕ್ಸ್‌ರೇಯಲ್ಲಿ ಕೀವು ಮೂಳೆಗೆ ಇನ್ನೂ ಇಳಿದಿರಲಿಲ್ಲ. ಗಾಯ ತೊಳೆದರು, ಧನುರ್ವಾಯುವಿನ ಸೂಜಿ ಚುಚ್ಚಿದರು, ಅವತ್ತೇ ದಾಖಲು ಮಾಡಿಕೊಂಡರು.

"ಇದನ್ನ ಕಂಡುಹಿಡಿದವರು ಯಾರು ತಾತ?" ಎಂದು ಡಾಕ್ಟರ್ ಕೇಳಿದರು.

ಯೆನ್ ಗೋಡೆಯ ಸೂಚನೆಯನ್ನೂ ಅದರ ಕೆಳಗಿನ ಮನುಷ್ಯನನ್ನೂ ಒಟ್ಟಿಗೇ ತೋರಿಸಿದರು.

ಚೂ ಕಡೆ ತಿರುಗಿದ ಡಾಕ್ಟರ್, "ಏನು ಮಾಡಿದ್ರಿ?" ಎಂದರು.

"ಏನೂ ಮಾಡ್ಲಿಲ್ಲಮ್ಮ. ಗರಿ ಮುಟ್ಟಿಸ್ದೆ. ಬಟ್ಟೆ ಸುತ್ದೆ."

"ಒಳ್ಳೆ ಕೆಲಸ. ಈಗ ನಿಮ್ಮ ಶೂ ಬಿಚ್ಚಿ."

ಚೂ ಹಿಮ್ಮಡಿಯ ಅಡಿಯ ನಾರಿನಂಥ ಪಟ್ಟಿ ಎಳೆದು ನೊಂದಿದೆ, ಅಷ್ಟೆ. ಹಾಸಿಗೆಯಿಂದ ಇಳಿಯುವ ಮುಂಚೆ ಪಾದವನ್ನು ತಮ್ಮ ಕಡೆಗೆ ಎಳೆದು ಮೂವತ್ತು ಎಣಿಸಬೇಕು, ದಿನಕ್ಕೆರಡು ಸಲ ಮೀನಖಂಡ ಎಳೆಯುವ ವ್ಯಾಯಾಮ ಮಾಡಬೇಕು, ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆಯಬಾರದು, ಮೆತ್ತನೆ ಅಡಿಯ ಶೂ ಹಾಕಬೇಕು. ಹದಿಮೂರು ತಿಂಗಳು ಕಾಯುವ ಕಾಯಿಲೆಯೇ ಅದಲ್ಲ. ತಮ್ಮ ಪಾದ ಬೇರೆಯವರ ಕೈಯಲ್ಲಿದ್ದ ಆ ಎರಡು ನಿಮಿಷ ತಮಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ ಎನ್ನುತ್ತಾರೆ ಚೂ. "ಗಿರಾಕಿಗಳು ಯಾಕೆ ಸುಳ್ಳು ಹೇಳ್ತಾರೆ ಅಂತ ಅವತ್ತು ಗೊತ್ತಾಯ್ತು. 'ಯಾವಾಗಿಂದ ನೋವು' ಅಂತ ಕೇಳಿದ್ರು. ಮೂರು ವಾರ ಅಂದುಬಿಟ್ಟೆ. ಹಿಂದಿನ ಮಂಚದಿಂದ ಯೆನ್ ಅಣ್ಣ 'ಹದಿಮೂರು ತಿಂಗಳು' ಅಂತ ಕೂಗಿದ."

ಯೆನ್ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಎರಡು ಕಾಲಲ್ಲಿ ಹೋದವರು ಎರಡು ಕಾಲಲ್ಲೇ ಹೊರಬಂದರು. ಒಂದು ಉಗುರು ಹೋಯಿತು. ನಾಮಕರಣವನ್ನು ವಾರ್ಡಿನಲ್ಲೇ ಮಾಡಿದರು, ಸಿಹಿಯಿಲ್ಲದೆ.

ಈಗ ಅವರು ನೀರಿಗೆ ಇಳಿಯುವಂತಿಲ್ಲ. ಆದರೂ ದಿನಾ ಐದಕ್ಕೆ ಬಾಗಿಲಲ್ಲಿ ಇರುತ್ತಾರೆ, ತಳ್ಳಾಟಕ್ಕೆ. ಕೊಪ್ಪರಿಗೆಯ ಪಕ್ಕದ ಒಣ ಬೆಂಚಿನಲ್ಲಿ ಅಗಲ ಮೂತಿಯ ಹೊಸ ಶೂ ತೊಟ್ಟು, ಕೈಯಲ್ಲಿ ಬಾತುಗರಿ ಹಿಡಿದು ಕೂರುತ್ತಾರೆ. ಪಂದ್ಯದ ನಿಯಮವನ್ನು ಬದಲಾಯಿಸಿದವರು ಚೂ: ಗರಿಯ ಪರೀಕ್ಷೆಯಲ್ಲಿ ಪಾಸಾಗದವರು ಆಸ್ಪತ್ರೆಗೆ, ಪಾಸಾದವರು ನಡುವಿನ ತೊಟ್ಟಿಗೆ. ಕೊಪ್ಪರಿಗೆಗೆ ಹಲಗೆ ಮುಚ್ಚಿದೆ. ಬಿಸಿ ತಡೆಯುವ ಹೆಮ್ಮೆಗೆ ಜಾಗ ಇಲ್ಲವಾದ ಮೇಲೆ ಮುದುಕರು ಬೇರೆ ಹೆಮ್ಮೆ ಹುಡುಕಿಕೊಂಡಿದ್ದಾರೆ. ಗರಿ ತಾಗುವ ಮುಂಚೆಯೇ "ಅಯ್ಯೋ ಕಚಗುಳಿ" ಎಂದು ಒದ್ದಾಡುವವರೇ ಈಗ ವೀರರು. ಪಾಂಗ್ ಮೊನ್ನೆ ಗರಿ ಎರಡಡಿ ದೂರವಿದ್ದಾಗಲೇ ಕಿರುಚಿದರು. ಯೆನ್ ಅದನ್ನು ಮೋಸವೆಂದು ತೀರ್ಪು ಕೊಟ್ಟರು. ಕೆಂಪು ಚಪ್ಪಲಿ ಇನ್ನೂ ಯಾರಿಗೂ ಸೇರಿಲ್ಲ. ಮಗುಚಿ, ಅಡಿ ಕಾಣುವಂತೆ, ಗೋಡೆಯ ಗೂಟಕ್ಕೆ ನೇತುಹಾಕಿದ್ದಾರೆ.

ಈ ಎರಡು ತಿಂಗಳಲ್ಲಿ ಗರಿ ಇನ್ನೂ ಮೂವರನ್ನು ಆಸ್ಪತ್ರೆಗೆ ಕಳಿಸಿದೆ. ಮೂವರೂ ಕಾಲಿನೊಂದಿಗೆ ವಾಪಸಾಗಿದ್ದಾರೆ. ದಿಂಗ್ ಈ ಬಗ್ಗೆ ಬೇಸರ ವ್ಯಕ್ತಪಡಿಸುತ್ತಾರೆ. ಇಪ್ಪತ್ತು ಕಾಲುಚೀಲ ಹಾಗೇ ಉಳಿದಿವೆಯಂತೆ.

ಬೆಳಗಿನ ಆರೂವರೆ. ಚೂ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟು ಮೀನಖಂಡ ಎಳೆಯುತ್ತಿದ್ದಾರೆ. ಒಂಬತ್ತು ಮುದುಕರು ಒಕ್ಕೊರಲಿನಿಂದ ಎಣಿಸುತ್ತಿದ್ದಾರೆ. ಇಪ್ಪತ್ತೆಂಟಕ್ಕೆ ಕಾಲೆತ್ತಿದರೆ ಮತ್ತೆ ಒಂದರಿಂದ. ಕುಂಟುವುದು ಕಡಿಮೆಯಾಗಿದೆ. ಮಣೆಗೆ ಮರಳಿ ದೀಪ ಹಾಕುತ್ತಾರೆ. ಮೊದಲ ಕಾಲು ಯೆನ್ ಅವರದು. ಚೂ ಆ ಶೂ ಬಿಚ್ಚಿ, ಅದರೊಳಗೆ ಕೈ ಹಾಕಿ ತಡಕಿ, ಕಾಲುಚೀಲ ತಿರುವಿ ಹಾಕಿ, ಪಾದವನ್ನು ಮಂಡಿಯ ಮೇಲಿಟ್ಟುಕೊಂಡು ಬೆರಳ ಸಂದಿ ಸಂದಿ ನೋಡುತ್ತಾರೆ. ಕತ್ತಿಗಳು ಡಬ್ಬಿಯಲ್ಲೇ ಇವೆ. ಈ ಉಗುರನ್ನು ಈಗ ತೆಗೆಯುವವರು ಆಸ್ಪತ್ರೆಯವರು. ಚೂ ಕೆಲಸ ನೋಡುವುದಷ್ಟೆ.

ಅದಕ್ಕೊಂದು ಕಾಗದವಿದೆ. ಮನೆಗೆ ಕಳಿಸುವಾಗ ಡಾಕ್ಟರ್ ಮಿಯಾವ್ ಕೊಟ್ಟ ಹಾಳೆಯಲ್ಲಿ 'ಪ್ರತಿದಿನ ಪಾದ ಪರೀಕ್ಷಿಸುವವರು' ಎಂದು ಒಂದು ಖಾಲಿ ಜಾಗವಿತ್ತು. ಹೆಂಡತಿಯ ಹೆಸರು ಬರೆಯುವುದು ವಾಡಿಕೆ. ಯೆನ್ ಹೆಂಡತಿ "ನಲವತ್ಮೂರು ವರ್ಷ ಇವರ ಮುಖ ನೋಡಿದ್ದೇ ಸಾಕು" ಎಂದರು. ಡಾಕ್ಟರ್ ತಾವೇ ಬರೆದರು: ಚೂ ಫುಗೆನ್, ಸ್ನಾನದ ಮನೆ. ಅದರ ಪ್ರತಿ ಈಗ ಗೋಡೆಯ ಮೇಲಿದೆ, ಗೆದ್ದವರ ಹಾಳೆ ಇದ್ದ ಜಾಗದಲ್ಲಿ.

"ಮೂವತ್ತೊಂಬತ್ತು ವರ್ಷ ಕೊಯ್ದೆ, ಯಾರೂ ಎಲ್ಲೂ ಹೆಸರು ಬರೀಲಿಲ್ಲ" ಎನ್ನುತ್ತಾರೆ ಚೂ, ಯೆನ್ ಕಾಲಿಗೆ ಚೀಲ ತೊಡಿಸುತ್ತ. "ಒಂದು ದಿನ ಕೊಯ್ಯಲ್ಲ ಅಂದಿದ್ದಕ್ಕೆ ಬರೆದ್ರು." ಆಮೇಲೆ ಗೋಡೆಯ ಕಡೆ ನೋಡಿ, ಕಾಗದದ ನಾಲ್ಕೂ ಮೂಲೆಯನ್ನು ಕಣ್ಣಲ್ಲೇ ಪರೀಕ್ಷಿಸುತ್ತಾರೆ. "ಗಂಜಿ ಹಚ್ಚಿ ಅಂಟಿಸಿದ್ದೀನಿ. ಈ ಮನೇಲಿ ಇನ್ನು ಒಂದೂ ಪಿನ್ನಿಲ್ಲ."